ಕಲ್ಲವ್ವನ ಬಲಗೈ

ಮರಾಠಿ ನಾಡಿನ ನಿಗಡಿಯಲ್ಲಿ ಕಲ್ಲವ್ವನ ರೊಟ್ಟಿಯೆಂದರೆ ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದು ನೆಲೆಸಿದ ಗುಮಾಸ್ತರು ಬಾಯಿ ಚಪ್ಪರಿಸುತ್ತಿದ್ದರು. ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮಾರಿ ಹದಿನೆಂಟು ವರ್ಷ ಮನೆ ನಡೆಸಿದ್ದು ಆಕೆಯ ಬಲಗೈ. ಸೊಸೆ ಸಪ್ನಾಗೆ ಚಪಾತಿ ಲಟ್ಟಿಸಲು ಬರುತ್ತಿತ್ತು, ರೊಟ್ಟಿ ಬಡಿಯಲು ಬಾರದು. ಕಲಿಸಬಹುದಿತ್ತಲ್ಲ? ಊಹೂಂ! ಹಿಟ್ಟಿಗೆ ಇನ್ನೊಬ್ಬರ ಕೈ ಸೋಕಗೊಡದ ಹಟಮಾರಿ ಹೆಂಗಸು.

೧೯೯೮ರ ದೀಪಾವಳಿಯ ಹೊತ್ತಿಗೆ ಬಲಭುಜ ಚುಚ್ಚತೊಡಗಿತು. ಸೆರಗು ಹೊದೆಯಲು ಕೈ ಎತ್ತಿದರೆ ಜೀವ ಹೋಗುತ್ತಿತ್ತು, ಆ ಮಗ್ಗುಲಲ್ಲಿ ಮಲಗುವಂತಿರಲಿಲ್ಲ. ಎಣ್ಣೆ ಹಾಕಿ ಗಸಗಸ ತಿಕ್ಕಿಸಿಕೊಂಡಳು, ನೋವು ಇಮ್ಮಡಿಯಾಯಿತು. ಎರಡು ತಿಂಗಳು ನರಳಿದ ಮೇಲೆ ಕಡೆಗೆ ಸಪ್ನಾ ಆಕೆಯನ್ನು ಶಿವಾಜಿನಗರದ ದಿಗಂಬರ ಡಾಕ್ಟರರ ಹತ್ತಿರ ಎಳೆದೊಯ್ದಳು.

“ಎಲುಬಿಗೂ ಸ್ನಾಯುವಿಗೂ ನಡುವ ಒಂದು ಸಣ್ಣ ನೀರಿನ ಚೀಲ ಇರ್ತದ್ರಿ, ತಿಕ್ಕಾಟ ಆಗಬಾರ್ದಂತ. ನಿಮ್ಮದು ಬಾತದ,” ಎಂದರು ಡಾಕ್ಟರರು. “ಬರ್ಫ ಇಡ್ರಿ, ತಿಕ್ಕಬ್ಯಾಡ್ರಿ. ಸೂಜಿ ಹಾಕ್ತೀನಿ, ನೋವು ಹೋಗ್ತದ. ನೋವು ಹೋತಂತ ಆರಾಮಾತು ಅನ್ಕೋಬ್ಯಾಡ್ರಿ! ಎರಡು ವಾರ ರೊಟ್ಟಿ ಬಂದ್. ಹಂಗಂತ ಕೈ ಕಟ್ಟಿ ಇಡಬ್ಯಾಡ್ರಿ, ಬಗ್ಗಿ ನಿಂತು ಮೆಲ್ಲಕ ತೂಗಾಡಸ್ರಿ. ಹೆಗಲಿಗಿಂತ ಮ್ಯಾಲ ಏನೂ ಎತ್ತಬ್ಯಾಡ್ರಿ, ಒಳಗ ಹರದೀತು.”

ಮೂರನೆಯ ದಿನ ನೋವು ಮಾಯ. ಆಕೆಯನ್ನು ಕೆಡಿಸಿದ್ದು ಅದೇ. ನೋವಿದ್ದಿದ್ದರೆ ಕೈಯನ್ನು ಅದೇ ಕಾಯುತ್ತಿತ್ತು. ಆ ವಾರವೇ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ನಿಗಡಿಯ ನಮ್ಮ ಕನ್ನಡದವರ ಮನೆಗಳಿಗೆಲ್ಲ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಹೋಗಬೇಕಾದದ್ದು ಆಕೆಯ ಒಲೆಯಿಂದ. ಡಾಕ್ಟರರ ಮಾತನ್ನು ಗಾಳಿಗೆ ತೂರಿ ಒಲೆ ಹೊತ್ತಿಸಿಯೇಬಿಟ್ಟಳು.

“ಅತ್ತಿ, ಎರಡು ವಾರ ಅಂದಾರ್ರಿ. ನನಗ ಕಲಸ್ರಿ, ನಾ ಬಡೀತೀನಿ,” ಎಂದು ಸಪ್ನಾ ಅಂಗಲಾಚಿದಳು.

“ನಿನ್ನ ರೊಟ್ಟಿ ಕಂಡ್ರ ಮಂದಿ ಅಮಾಸಿ ದಿನಾ ಉಪಾಸ ಬೀಳ್ತಾರ! ಸರಿ ಅತ್ತಾಗ.”

ಇನ್ನೂರು ರೊಟ್ಟಿ ಬಡಿದಳು, ಅದೂ ಹಾಡುತ್ತ. ಸಪ್ನಾಗೆ ಆ ಹಾಡು ಕೇಳಿಯೇ ಹೆದರಿಕೆ. ಹಿಟ್ಟು ತೀರಿತು. ಕಲ್ಲವ್ವ ತುದಿಗಾಲಲ್ಲಿ ನಿಂತು ಮೇಲಿನ ಹಲಗೆಯಿಂದ ತುಂಬಿದ ಡಬ್ಬಿ ಎಳೆದಳು. ಭುಜದೊಳಗೆ ಪಟಕ್ಕನೆ ಏನೋ ಹರಿದದ್ದು ಸಪ್ನಾಗೂ ಕೇಳಿಸಿತು. ಡಬ್ಬಿ ಕೆಳಗೆ ಬಿದ್ದು ಅರ್ಧ ಹಿಟ್ಟು ಚೆಲ್ಲಿತು.

“ನೋವಾತೇನ್ರಿ ಅತ್ತಿ?”

“ಅಷ್ಟೇನಿಲ್ಲವಾ.” ಕಲ್ಲವ್ವ ಕೈ ಎತ್ತಲು ನೋಡಿದಳು. ಏಳಲಿಲ್ಲ. ಎಡಗೈಯಿಂದ ಎತ್ತಿ ಬಿಟ್ಟಳು. ಧೊಪ್ಪನೆ ತೊಡೆಗೆ ಬಿತ್ತು.

ಹೊರಗೆ ರೊಟ್ಟಿ ಒಯ್ಯಲು ಬಂದ ಮಂದಿ ಕೂಗತೊಡಗಿದ್ದರು. ಕಲ್ಲವ್ವ ಡಬ್ಬಿಯಲ್ಲಿ ಉಳಿದ ಹಿಟ್ಟನ್ನು ನಾದುವ ಪರಾತಕ್ಕೆ ಸುರಿದು ಎಡಗೈಯಿಂದ ಸೊಸೆಯತ್ತ ತಳ್ಳಿದಳು.

“ಬಡಿಯವ್ವಾ,” ಎಂದಳು ಅಳುತ್ತ. “ಹರದ್ರೂ ಬಡಿ. ನನ್ನ ಕೈಲೆ ಇನ್ನ ಆಗೂದಿಲ್ಲ.”