ಅತ್ತೆಯ ಮೊಳ, ಅಟ್ಲಾಂಟಿಕ್ ಪ್ರವಾಹ

ನನ್ನ ಪಿಎಚ್‌ಡಿ ಪ್ರಬಂಧವೆಲ್ಲ ನಿಂತಿದ್ದು ಒಂದೇ ವಾಕ್ಯದ ಮೇಲೆ: ಅಟ್ಲಾಂಟಿಕ್ ಸಾಗರದ ದೊಡ್ಡ ಪ್ರವಾಹ ನಿಧಾನವಾಗಿದೆ. ಸಮುದ್ರದೊಳಗೆ ಕಟ್ಟಿಬಿಟ್ಟ ಉಪಕರಣಗಳು ಕಳಿಸಿದ ಅಂಕಿಗಳನ್ನು ವಿಜಯಪುರದ ಸ್ಟೇಷನ್ ರಸ್ತೆಯ ಬಾಡಿಗೆ ಕೋಣೆಯಲ್ಲಿ ಕೂತು ಐದು ವರ್ಷ ಜಾಲಾಡಿ ಬರೆದದ್ದು. ಅದಕ್ಕೆ ಮಾರ್ಗದರ್ಶಕರ ಉತ್ತರ ಒಂದೇ ಸಾಲು: "ಬದಲಾದದ್ದು ಸಮುದ್ರವೋ, ಉಪಕರಣವೋ?" ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಬಬಲೇಶ್ವರದ ಬಸ್ ಹತ್ತಿ ಸೋದರಮಾವನ ಮನೆಗೆ ಹೋದೆ.

ಅಲ್ಲಿ ನೋಡಿದರೆ ಮಾವನದೇ ಬೇರೆ ಗೋಳು. ಅವರು ದಿನಾ ಬೆಳಿಗ್ಗೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗವನ್ನು ಬಾವಿಗೆ ಬಿಟ್ಟು, ನೀರು ಎಷ್ಟು ಕೆಳಗಿದೆ ಎಂದು ಪಂಪ್‌ಸೆಟ್ ಕೋಣೆಯ ಗೋಡೆಗೆ ಇದ್ದಿಲಿನಲ್ಲಿ ಬರೆಯುವವರು.

"ನೋಡ ಯವ್ವಾ, ನೀರು ಒಮ್ಮಿಗಲೇ ಎರಡು ಮೊಳ ಇಳದೈತಿ. ನಾಳಿಗೆ ಬೋರ್ ಗಾಡಿ ಹೇಳೇನಿ."

ಗೋಡೆ ನೋಡಿದೆ. ಅಂಕಿ ಮೆಲ್ಲಗೆ ಏರಿರಲಿಲ್ಲ. ಒಂದೇ ದಿನ ಇಪ್ಪತ್ತರಿಂದ ಇಪ್ಪತ್ತೆರಡಕ್ಕೆ ಜಿಗಿದಿತ್ತು.

"ಅವತ್ತ ಏನ್ ಮಾಡಿದ್ರಿ ಮಾಮಾ?"

"ಏನಿಲ್ಲ. ಹಳೇ ಹಗ್ಗ ಸವದಿತ್ತು, ಹೊಸಾದು ತಂದೆ. ಹಳೇದಕ್ಕ ಗಂಟು ನಾ ಹಾಕಿದ್ದೆ, ಇದಕ್ಕ ನಿಮ್ಮತ್ತಿ ಹಾಕ್ಯಾಳ."

ಮಾವ ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರದ ಆಳು. ಅತ್ತೆ ನನ್ನ ಭುಜಕ್ಕೂ ಬರುವುದಿಲ್ಲ. "ಅತ್ತಿ ಮೊಳ ಗಿಡ್ಡ ಇರಂಗಿಲ್ಲೇನ್ರಿ!" ಎಂದು ರೇಗಿದೆ. ಎಮ್ಮೆಗೆ ಕಟ್ಟಿದ್ದ ಹಳೆಯ ಹಗ್ಗ ಬಿಚ್ಚಿ ತಂದು, ಎರಡನ್ನೂ ಒಟ್ಟಿಗೆ ಬಾವಿಗೆ ಬಿಟ್ಟೆವು. ಹಳೆಯದರಲ್ಲಿ ಇಪ್ಪತ್ತೇ.

"ಮೂವತ್ತು ವರ್ಷ ಈ ಕೈಗೆ ಬಳಿ ತಂದಾರ, ನನ್ನ ಕೈ ಎಷ್ಟುದ್ದ ಅಂತ ಗೊತ್ತಿಲ್ಲ ನೋಡ!" ಎಂದು ಅತ್ತೆ ಮಾವನ ಮರ್ಯಾದೆ ತೆಗೆದಳು. ಮಾವ ಪೆಚ್ಚುಮೋರೆ ಹಾಕಿಕೊಂಡು ಬೋರ್‌ನವನಿಗೆ ಬೇಡವೆಂದು ಫೋನ್ ಮಾಡಿದರು.

ನನಗೆ ನಗು ಬರಲಿಲ್ಲ. ಕಟ್ಟೆಯ ಮೇಲೆ ಕೂತು, ಆ ಉಪಕರಣಗಳನ್ನು ಸಮುದ್ರಕ್ಕೆ ಇಳಿಸುವ ಹಡಗಿನವರ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆಗೆದೆ. ನನ್ನ ಅಂಕಿಗಳಲ್ಲಿ ಪ್ರವಾಹ ಕುಸಿದ ತಿಂಗಳೇ ಉಪಕರಣ ಬದಲಿಸಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣವೆಂದರೆ ಹಳೆಯದು ತಂತಿ ಹರಿದು ಸಮುದ್ರದ ಪಾಲಾಗಿತ್ತು. ಥೂ, ಇದೆಂಥ ಹಣೆಬರಹ! ಪ್ರವಾಹ ನಿಜವಾಗಿಯೂ ನಿಧಾನವಾಗಿರಬಹುದು, ಅದೇ ಹೊಟ್ಟೆಯುರಿ. ಆಗಿದೆ ಎನ್ನಲು ನನ್ನ ಹತ್ತಿರ ಆಧಾರವಿಲ್ಲ.

"ಏನಂತೈತಿ ನಿನ್ನ ಸಮುದ್ರ?" ಮಾವ ಚಹಾ ತಂದು ಕೇಳಿದರು.

"ಇನ್ನೂ ಹತ್ತು ವರ್ಷ ಅಳೀರಿ ಅಂತೈತಿ, ಮಾಮಾ."

ಪ್ರವಾಹ ನಿಧಾನವಾಗಿದೆ ಎಂಬ ಆ ವಾಕ್ಯವನ್ನು ಅಲ್ಲೇ ಕೂತು ನಾನೇ ಅಳಿಸಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತುಬಿಟ್ಟೆ.