ಮೇಲಿನ ಹೊಲದಲ್ಲಿ ತೋಡಿದ ಗುಂಡಿ

ನಮ್ಮ ಮೇಲಿನ ಹೊಲಕ್ಕೆ ನೀಲಗಿರಿ ಹಾಕುವುದೆಂದು ದೊಡ್ಡಪ್ಪ ತೀರ್ಮಾನ ಮಾಡಿ, ನರ್ಸರಿಯವನಿಗೆ ಸಸಿಗೂ ಹೇಳಿಬಿಟ್ಟಿದ್ದ. ರಾಗಿ ಹಾಕಿದರೆ ಮೊಣಕಾಲುದ್ದ ಬಂದು ಒಣಗುತ್ತಿತ್ತು. ಉಳುತ್ತಿದ್ದವನು ನಾನು. ಅಲ್ಲಿ ನೀಲಗಿರಿ ನಿಂತರೆ ನನಗೆ ಉಳಲು ಬೇರೆ ನೆಲವಿರಲಿಲ್ಲ.

ಅಷ್ಟರಲ್ಲಿ ಮಣ್ಣು ನೋಡುವ ಮೇಡಂ ಊರಿಗೆ ಬಂದರು. ಯಾವ ಹೊಲದ್ದು ಎಂಥ ಮಣ್ಣು ಎಂದು ವಿಂಗಡಿಸುವುದು ಅವರ ಕೆಲಸ. ದೊಡ್ಡಪ್ಪ ಅವರನ್ನು ನೇರ ನಮ್ಮ ತಿಪ್ಪೆಯ ಪಕ್ಕಕ್ಕೆ ಕರೆದೊಯ್ದ. ಅಲ್ಲಿ ಏನು ಬಿದ್ದರೂ ಹುಟ್ಟುತ್ತದೆ.

"ಮೇಲಿನ್ ಹೊಲ ತೋರ್ಸು" ಅಂದೆ.

"ಸುಮ್ನಿರ್ಲಾ. ಹೆಣ್ಣು ನೋಡಕ್ಕೆ ಬಂದೋರ್ಗೆ ಹರಿದ ಚಾಪೆ ಹಾಸ್ತಾರಾ?"

"ಅವ್ರು ಕಾಯ್ಲೆ ನೋಡಕ್ಕೆ ಬಂದವ್ರೆ. ಗಟ್ಟಿಮುಟ್ಟಾಗಿರೋನ್ನ ಮಲಗ್ಸಿ ಇವ್ನೇ ರೋಗಿ ಅಂತೀಯಾ?"

ಮೇಡಂ ನಕ್ಕರು. "ತಿಪ್ಪೆ ಮಣ್ಣು ಬೇಡ ಯಜಮಾನ್ರೆ. ಬೆಳೆ ಬರದೇ ಇರೋ ಕಡೆ ನಡೀರಿ."

ಮೇಲಿನ ಹೊಲದಲ್ಲಿ ನಾನೇ ಗುಂಡಿ ತೋಡಿದೆ. ಗೇಣು ಇಳಿಯುವುದರೊಳಗೆ ಪಿಕಾಸಿ ಠಣ್ ಎಂದು ಎಗರಿತು.

"ಬಂಡೆ. ನಾನ್ ಹೇಳ್ಲಿಲ್ವಾ?" ಅಂದ ದೊಡ್ಡಪ್ಪ.

ಮತ್ತೆ ಬೀಸಿ ಹೊಡೆದೆ. ಒಡೆಯಿತು. ಬಂಡೆಯಲ್ಲ, ಗಟ್ಟಿಯಾದ ಮಣ್ಣು. ಅದರ ಕೆಳಗೆ ಕೆಂಪು ಮಣ್ಣು, ತಣ್ಣಗೆ, ತೇವವಾಗಿ. ಎದೆಮಟ್ಟ ತೋಡಿದರೂ ಅದೇ.

ಮೇಡಂ ಗುಂಡಿಗೆ ಇಳಿದು ಕೆಳಗಿನ ಮಣ್ಣಿಗೆ ನೀರು ಚಿಮುಕಿಸಿ ಬೆರಳಲ್ಲಿ ಒತ್ತಿದರು. ತುಂಡಾಗದೆ ಪಟ್ಟಿಯಂತೆ ಉದ್ದಕ್ಕೆ ಬಂತು. ಆಮೇಲೆ ಗುಂಡಿಯ ಗೋಡೆಯಲ್ಲಿ ಹಳೆಯ ರಾಗಿ ಬೇರುಗಳನ್ನು ತೋರಿಸಿದರು. ಗಟ್ಟಿ ಪದರದವರೆಗೂ ಬಂದು, ಬೇಲಿ ಕಂಡ ದನದಂತೆ ಅಡ್ಡಕ್ಕೆ ತಿರುಗಿದ್ದವು.

"ವರ್ಷಾ ವರ್ಷಾ ಒಂದೇ ಆಳಕ್ಕೆ ಉತ್ತು ಕೆಳಗಡೆ ಗಾರೆ ಹಾಕ್ದಂಗೆ ಮಾಡಿದ್ದೀರ. ಇದು ಆಳದ ಕೆಂಪು ಮಣ್ಣು, ನೀರು ಹಿಡ್ಕೊಳ್ಳುತ್ತೆ. ಬೇಸಿಗೇಲಿ ಆಳವಾಗಿ ಸೀಳಿಸಿ, ತೊಗರಿ ಹಾಕಿ."

ದೊಡ್ಡಪ್ಪ ನನ್ನ ಕಡೆ ನೋಡಿದ. "ಒಂದ್ ವರ್ಷ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ನೀಲಗಿರಿ."

ಬೇಸಿಗೆಯಲ್ಲಿ ಟ್ರ್ಯಾಕ್ಟರಿಗೆ ಉದ್ದ ಹಲ್ಲಿನ ನೇಗಿಲು ಕಟ್ಟಿಸಿ ಸೀಳಿಸಿದೆ. ಮಳೆಗೆ ತೊಗರಿ ಬಿತ್ತಿದೆ. ಮಳೆ ನಿಂತಿತು. ಅಕ್ಕಪಕ್ಕದ ಹೊಲಗಳು ಬಾಡಿದವು. ನಮ್ಮ ತೊಗರಿ ನನ್ನ ತಲೆ ಮೀರಿ ಬೆಳೆದು, ಕಾಯಿ ಹೊತ್ತು ಬಾಗಿತು.

ದೊಡ್ಡಪ್ಪನನ್ನು ಕರೆದು, "ಒಂದ್ ಗಿಡ ಕೀಳು" ಅಂದೆ.

ಎರಡು ಕೈಯಲ್ಲಿ ಹಿಡಿದು ಎಳೆದ. ಗಿಡ ಬರಲಿಲ್ಲ. ಕೈ ಜಾರಿ ಅವನೇ ನೆಲಕ್ಕೆ ಕೂತ.

"ಬಿಡ್ತಾನೇ ಇಲ್ಲ ಕಣ್ಲಾ" ಅಂದ. ಕೂತಲ್ಲಿಂದಲೇ ಗಿಡದ ತುದಿ ನೋಡಿದ. "ನರ್ಸರಿಯೋನ್ಗೆ ಫೋನ್ ಹಾಕು. ಸಸಿ ಬ್ಯಾಡ ಅನ್ನು."

ಈಗ ಹೊಸಕೋಟೆಯಿಂದ ನೆಂಟರು ಬಂದರೆ ದೊಡ್ಡಪ್ಪ ತಿಪ್ಪೆ ದಾಟಿಸಿ ಸೀದಾ ಮೇಲಿನ ಹೊಲಕ್ಕೆ ಕರೆದುಕೊಂಡು ಹೋಗುತ್ತಾನೆ.

"ತಾಕತ್ತಿದ್ರೆ ಒಂದ್ ಗಿಡ ಕಿತ್ತು ನೋಡಪ್ಪಾ" ಅನ್ನುತ್ತಾನೆ.