ಫಿಲೋಮಿನಾ ಬಾಯಿ ಮತ್ತು ಚಳಿಯಾಗುವ ಮಣ್ಣು

ದೋಹಾದ ಜುಲೈ ಮಧ್ಯಾಹ್ನದಲ್ಲಿ ಉಣ್ಣೆಯ ಮಂಕಿಕ್ಯಾಪ್ ಹಾಕಿಕೊಂಡು ಕ್ಯಾಂಟೀನಿಗೆ ಬರುತ್ತಿದ್ದವರು ಫಿಲೋಮಿನಾ ಬಾಯಿ ಒಬ್ಬರೇ. ಶಿರ್ವದ ಕಡೆಯವರು, ನಮ್ಮ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಣ್ಣಿನ ವಿಜ್ಞಾನಿ. ದಿನವಿಡೀ ಶೀತಲ ಕೋಣೆಯಲ್ಲಿ, ಉತ್ತರದ ಹಿಮದೇಶದ ಕಾಡೊಂದರಿಂದ ತರಿಸಿದ ಮಣ್ಣಿನ ಜೊತೆ ಇರುತ್ತಿದ್ದರು. ಅಕೌಂಟ್ಸಿನಲ್ಲಿದ್ದ ನನಗೆ ಆ ಮಣ್ಣಿನ ಸೂಕ್ಷ್ಮಜೀವಿಗಳ ಯೋಗಕ್ಷೇಮವನ್ನು ಊಟದ ಜೊತೆಗೇ ಬಡಿಸುತ್ತಿದ್ದರು.

"ಭೂಮಿ ಬಿಸಿಯಾಗುವಾಗ ನಿಮ್ಮ ಜೀವಿಗಳಿಗೆ ಚಳಿ ಯಾಕೆ ಬಾಯಿ?" ಎಂದು ಒಮ್ಮೆ ಕೇಳಿದೆ.

"ಹಿಮ ಅಂದ್ರೆ ಅವಕ್ಕೆ ಕಂಬಳಿ ಮಾರಾಯ್ತಿ. ಚಳಿಗಾಲ ಬಿಸಿಯಾಯ್ತು, ಹಿಮ ಬೀಳ್ಲಿಲ್ಲ, ಕಂಬಳಿ ಹೋಯ್ತು. ಮತ್ತೆ ಜೋರು ಚಳಿ ಬಂದ್ರೆ ಅವು ಖಲಾಸ್! ಹಿಡಿದಿಡುವವರಿಲ್ಲದೆ ಮಣ್ಣಿನ ಸಾರ ಎಲ್ಲ ನೀರಲ್ಲಿ ಹರಿದು ಹೋಗ್ತದೆ. ಮರಕ್ಕೆ ಊಟ ಮಾಫಿ, ಏನೂ ಇಲ್ಲ."

ಇಷ್ಟೆಲ್ಲ ಹೇಳುವ ಬಾಯಿ ಹಿಮ ಕಂಡದ್ದು ಫ್ರೀಜರಿನಲ್ಲಿ ಮಾತ್ರ. ಪ್ರಯೋಗ ಸರಿಯಾಗಿ ಮುಗಿದರೆ ಆ ಕಾಡಿಗೇ ಕೆಲಸಕ್ಕೆ ಕರೆಸಿಕೊಳ್ಳುತ್ತೇವೆಂದು ಅಲ್ಲಿನ ಸಂಶೋಧಕರು ಮಾತು ಕೊಟ್ಟಿದ್ದರು. ಕಣ್ತುಂಬ ಹಿಮ ನೋಡಬೇಕೆಂಬುದು ಅವರ ಜೀವಮಾನದ ಆಸೆ.

ಪ್ರಯೋಗವೆಂದರೆ, ಮಣ್ಣು ತುಂಬಿದ ಡಬ್ಬಿಗಳಲ್ಲಿ ಅರ್ಧಕ್ಕೆ ಹಿಮದ ಬದಲು ದಪ್ಪ ಹೊದಿಕೆ, ಇನ್ನರ್ಧಕ್ಕೆ ಬರಿಮೈ. ಕೋಣೆಯ ಯಂತ್ರ ನೋಡಿಕೊಳ್ಳುತ್ತಿದ್ದ ಕಾರ್ಕಳದ ಸದಾನಂದಣ್ಣನಿಗೂ ಬಾಯಿ ತಮ್ಮ ಜೀವಿಗಳ ಕಷ್ಟ ಹೇಳಿಕೊಂಡಿದ್ದರು. ಸ್ವಲ್ಪ ಹೆಚ್ಚೇ ಚೆನ್ನಾಗಿ ಹೇಳಿದ್ದರು. ಈದ್ ರಜೆ ಮುಗಿಸಿ ಬಂದು ನೋಡಿದರೆ, ಬರಿಮೈ ಡಬ್ಬಿಗಳೆಲ್ಲ ಟವೆಲ್ ಸುತ್ತಿಕೊಂಡು ಬೆಚ್ಚಗೆ ಕೂತಿವೆ!

"ಇವಕ್ಕೂ ಜೀವ ಉಂಟು ಅಂತ ನೀವೇ ಹೇಳಿದ್ದಲ್ವಾ? ನೋಡ್ಲಿಕ್ಕೆ ಆಗ್ಲಿಲ್ಲ ಬಾಯಿ," ಎಂದ ಸದಾನಂದಣ್ಣ.

"ದೆವಾ ಸೈಬಾ!" ಬಾಯಿ ಹಣೆ ಚಚ್ಚಿಕೊಂಡರು. ತಿಂಗಳುಗಟ್ಟಲೆ ಮಾಡಿದ ಕೆಲಸ ನೀರುಪಾಲಾಗಿತ್ತು. ಆಮೇಲೆ ಏನನ್ನಿಸಿತೋ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಲೆಕ್ಚರ್ ಇಷ್ಟು ಮನಸ್ಸಿಗೆ ಹಚ್ಚಿಕೊಂಡವರು ಯಾರೂ ಇಲ್ಲ. ಯಲ್ಲಾ, ನಡೀರಿ, ಮೊದಲಿಂದ!"

ಎರಡನೆಯ ಸಲ ಸದಾನಂದಣ್ಣ ಡಬ್ಬಿಗಳಿಗೆ ಬೆನ್ನು ತಿರುಗಿಸಿಕೊಂಡೇ ಯಂತ್ರ ನೋಡುತ್ತಿದ್ದ. ಪ್ರಯೋಗ ಕೈಹಿಡಿಯಿತು, ಬಾಯಿ ಹೇಳಿದ್ದೇ ನಿಜವಾಯಿತು. ಡಿಸೆಂಬರಿನಲ್ಲಿ ಕುಣಿಯುತ್ತಾ ವಿಮಾನ ಹತ್ತಿದರು. ಕ್ಯಾಂಟೀನಿನಲ್ಲಿ ಈಗ ನನಗೆ ಊಟ ಸೇರುವುದಿಲ್ಲ.

ಜನವರಿಯಲ್ಲಿ ವಿಡಿಯೊ ಕರೆ ಬಂತು. ಸದಾನಂದಣ್ಣ, ನಾನು ಒಂದೇ ಫೋನಿಗೆ ಮುಖ ತೂರಿಸಿ, "ಹಿಮ ತೋರಿಸಿ ಬಾಯಿ!" ಎಂದು ಕೂಗಿದೆವು. ಪರದೆಯ ತುಂಬ ಕಪ್ಪು ಮರಗಳು, ಒದ್ದೆ ನೆಲ. ಬಾಯಿ ಕೊಡೆ ಹಿಡಿದು ನಿಂತಿದ್ದರು.

"ಮಳೆ ಬರ್ತಾ ಉಂಟು ಮಾರಾಯ್ತಿ. ಕಂಬಳಿ ಇಲ್ಲ. ನಾಳೆಯಿಂದ ಜೋರು ಚಳಿಯಂತೆ."

ಅವರು ನಗಲಿಲ್ಲ. "ಊಟ ಆಯಿತಾ ಬಾಯಿ?" ಎಂದು ಕೇಳಿದೆ.